ಅಂಗಳದಾಗಿನ ಮನಿಗಾಡಿ

ನಮ್ಮ ಮನೆಯವರು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಗೋಕಾಕ ಡಿಪೋದಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ರಿಟೈರ್ ಆದರು. ಪಂಢರಪುರ, ಮಂತ್ರಾಲಯ, ಹೊಸಪೇಟೆ, ಪಣಜಿ, ಸೊಲ್ಲಾಪುರ, ಹೀಗೆ ಅವರು ಬಸ್ಸು ಒಯ್ಯದ ಊರು ಕಡಿಮೆ. ನಾನು ಮೂಡಲಗಿಯ ಕನ್ನಡ ಸಾಲಿಯಲ್ಲಿ ಶಿಕ್ಷಕಿಯಾಗಿದ್ದೆ. ಪಾಠದಲ್ಲಿ ಹಂಪಿಯ ಚಿತ್ರ ಬಂದ ದಿನ ಮನೆಗೆ ಬಂದು ಕೇಳುತ್ತಿದ್ದೆ, ಅಲ್ಲಿ ಖರೇನ ಹಿಂಗ ಐತೇನ್ರಿ ಅಂತ. ಅವರು ನಗುತ್ತಿದ್ದರು.

"ನನಗೇನ ಗೊತ್ತ? ನಾ ಹೊಸಪೇಟಿ ಬಸ್‌ಸ್ಟ್ಯಾಂಡ್ ನೋಡೇನಿ. ಬಸ್ಸಿನ ಟಾಪಿನ ಮ್ಯಾಲ ಹಾಸಿಗಿ ಬಿಚ್ಚಿ ಮಲಗೇನಿ, ಮುಂಜಾನೆ ಎದ್ದು ಹೊಳ್ಳಿ ಬಂದೇನಿ."

ಅದು ತಮಾಷೆಯ ಮಾತಲ್ಲ. ಪಣಜಿಗೆ ವರ್ಷಗಟ್ಟಲೆ ಓಡಾಡಿದವರು ಸಮುದ್ರದ ನೀರಿನಲ್ಲಿ ಕಾಲಿಟ್ಟಿರಲಿಲ್ಲ. ಪ್ರತಿ ಊರಿನ ಬಸ್‌ಸ್ಟ್ಯಾಂಡಿನ ಚಹಾ ಹೇಗಿರುತ್ತದೆ, ಎಲ್ಲಿ ನೀರು ಸಿಹಿ, ಎಲ್ಲಿ ಸಂಡಾಸಕ್ಕೆ ಹೋಗಲಿಕ್ಕಾಗುವುದಿಲ್ಲ, ಇಷ್ಟೇ ಅವರಿಗೆ ಗೊತ್ತಿದ್ದ ದೇಶ.

ರಿಟೈರ್ ಆಗುವ ಹೊತ್ತಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ಮನೆ ಕಟ್ಟಿಸಿರಿ. ನಾವು ಮೂಡಲಗಿಯ ಬಾಡಿಗೆ ಮನೆಯಲ್ಲೇ ವಯಸ್ಸು ಕಳೆದವರು. ಮುಂದೆ ಎರಡು ಕೋಣೆ, ಹಿಂದೆ ಬೇವಿನ ಮರವಿದ್ದ ದೊಡ್ಡ ಅಂಗಳ. ಹುಕ್ಕೇರಿಗೆ ಕೊಟ್ಟಿದ್ದ ನಮ್ಮ ಒಬ್ಬಳೇ ಮಗಳು ಬಂದಾಗೊಮ್ಮೆ, "ಅಪ್ಪಾ, ಒಂದ ಸಣ್ಣ ಪ್ಲಾಟಾದ್ರೂ ಹಿಡೀರಿ" ಎನ್ನುತ್ತಿದ್ದಳು. ಅವರು ಕೇಳಿಸಿಕೊಳ್ಳುತ್ತಿದ್ದರು, ಅಷ್ಟೇ. ಒಂದು ದಿನ ನಿಡಸೋಸಿ ಕಡೆಯ ಯಾವುದೋ ಸಾಲಿಯವರು ಮಾರಲಿಕ್ಕೆ ಇಟ್ಟಿದ್ದ ಹಳೆಯ ಮಿನಿಬಸ್ಸನ್ನು ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು. ಹಳದಿ ಬಣ್ಣ ಅಲ್ಲಲ್ಲಿ ಕಿತ್ತಿತ್ತು. ಒಳಗೆ ಸೀಟುಗಳ ಹಿಂದೆ ಮಕ್ಕಳು ಪೆನ್ನಿನಿಂದ ಗೀಚಿದ್ದು ಹಾಗೇ ಇತ್ತು.

"ಇದ ನಮ್ಮ ಮನಿ" ಅಂದರು.

ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಚಹಾ ಮಾಡಿ ತಂದುಕೊಟ್ಟು ಕೂತರು. "ಮನಿ ಕಟ್ಟಿದ್ರ ಅದನ್ನ ಕಾಯಾಕ ಒಬ್ರು ಕುಂಡ್ರಬೇಕು. ನನಗ ಒಂದ ಕಡೆ ಕುಂಡ್ರಾಕ ಬರಂಗಿಲ್ಲ. ನೀನೂ ಮುಂದಿನ ಬ್ಯಾಸಗಿಗೆ ರಿಟೈರ್ ಆಗ್ತಿ. ಇಬ್ರೂ ಹೋಗೂಣು. ನಾ ಹೋಗಿ ಹೊಳ್ಳಿ ಬಂದ ಊರಾಗ ಈ ಸಲ ಇಳದ ನೋಡೂಣು."

ನಾನು ಚಹಾದ ಕಪ್ಪು ಕೈಗೆ ತೆಗೆದುಕೊಂಡೆ.

ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ ಮಾಡುವ ಮನೆತನದ ಬಡಗಿಯೊಬ್ಬರು ಅವರಿಗೆ ಪರಿಚಯ. ಅವರು ಮೂಡಲಗಿಗೆ ಬಂದು ನಮ್ಮ ಮನೆಯಲ್ಲೇ ಉಂಡು, ಅಂಗಳದಲ್ಲೇ ಕೂತು ಗಾಡಿಯ ಒಳಗನ್ನು ಕಟ್ಟಿದರು. ಮಡಚಿದರೆ ಬೆಂಚಾಗುವ, ಬಿಚ್ಚಿದರೆ ಇಬ್ಬರು ಮಲಗುವ ಕಾಟು. ತಲೆಯ ಮೇಲೆ ಕಪಾಟುಗಳು. ಒಂದೇ ಒಲೆಯ ಗ್ಯಾಸು ಇಡಲಿಕ್ಕೆ ಕಟ್ಟೆ, ಅದರ ಕೆಳಗೆ ನೀರಿನ ಟಾಕಿ, ಹಿಂದಿನ ಮೂಲೆಯಲ್ಲಿ ಪರದೆ ಬಿಟ್ಟರೆ ಸ್ನಾನದ ಜಾಗ. ಪ್ರತಿ ಕಪಾಟನ್ನೂ ನಮ್ಮ ಮನೆಯವರು ತಮ್ಮ ಕೈಯಳತೆಗೆ ಇಡಿಸಿದರು. ಕಾಟಿನ ಮೇಲೆ ಕೂತು ಕೈ ಚಾಚಿದರೆ ನೀರಿನ ಚರಿಗೆ ಸಿಗಬೇಕು, ಎದ್ದು ಒಂದು ಹೆಜ್ಜೆ ಇಟ್ಟರೆ ಒಲೆ ಸಿಗಬೇಕು, ಹಾಗೆ. ಹಳದಿ ಹೋಗಿ ನೀಲಿ ಬಣ್ಣ ಬಂತು. ಓಣಿಯ ಮಂದಿ ಬಂದು ಹತ್ತಿ ಇಳಿದು ನೋಡಿದರು. ಮನಿಗಾಡಿ ಎಂದು ಹೆಸರಿಟ್ಟವರು ಆ ಮಂದಿಯೇ.

ನನ್ನ ನೌಕರಿ ಮುಗಿದ ವರ್ಷ ಹಂಪಿಗೆ ಹೋದೆವು. ಅದೊಂದು ಪ್ರವಾಸ ಮಾತ್ರ ನಾವು ಅಂದುಕೊಂಡ ಹಾಗೆ ನಡೆಯಿತು. ಹೊಸಪೇಟೆಯ ಬಸ್‌ಸ್ಟ್ಯಾಂಡ್ ಬಂದಾಗ ಅವರು ಗಾಡಿಯನ್ನು ನಿಧಾನ ಮಾಡಿ, ಒಳಗೆ ನಿಂತಿದ್ದ ಬಸ್ಸುಗಳನ್ನು ಒಮ್ಮೆ ನೋಡಿ, ನಿಲ್ಲಿಸದೆ ಮುಂದೆ ಹೊಡೆದರು. ನದಿಯ ದಂಡೆಯಲ್ಲಿ ಜೋಳದ ರೊಟ್ಟಿ ಬಡಿದೆ. ಹಿಟ್ಟು ಗಾಳಿಗೆ ಹಾರಿ ಮೈಯೆಲ್ಲ ಬೆಳ್ಳಗಾಯಿತು. ಅವರು ಬಂಡೆಯ ಮೇಲೆ ಕೂತು ಮೂರು ರೊಟ್ಟಿ ತಿಂದರು, ಸಕ್ಕರಿ ಕಾಯಿಲೆ ಇದ್ದದ್ದು ಮರೆತು ಬೆಲ್ಲವನ್ನೂ ತಿಂದರು.

ಎರಡನೆಯ ಪ್ರವಾಸ ಸಮುದ್ರಕ್ಕೆ. ಅಂಬೋಲಿ ಘಾಟಿಯಿಂದ ಇಳಿದು ಮಾಲವಣಕ್ಕೆ ಹೋಗುವುದೆಂದು ನಿಶ್ಚಯ ಮಾಡಿದ್ದೆವು. ಘಾಟಿಯಲ್ಲಿ ನಾನು ಅವರ ಪಕ್ಕದ ಸೀಟಿನಲ್ಲಿದ್ದೆ. ಒಂದು ತಿರುವಿನಲ್ಲಿ ಅವರು ಏನೂ ಇಲ್ಲದ ಕಡೆ ಬ್ರೇಕು ಒತ್ತಿದರು.

"ಯಾಕ್ರಿ?"

"ಯಾರೋ ನಿಂತಂಗಾತು."

ಅದು ರಸ್ತೆಯ ಬದಿಯ ಕಲ್ಲು. ಸ್ವಲ್ಪ ಮುಂದೆ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ನಾನು ಅವರು ನಿಧಾನ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. ನಾನು ಅವರ ತೋಳು ಹಿಡಿದು ಜಗ್ಗಿದೆ. ಗಾಡಿ ಅವಳ ಹೊರೆಗೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು. ಅವಳು ಮರಾಠಿಯಲ್ಲಿ ಬೈದಳು. ಅವರು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದರು.

"ಬಿಸಲಿನ ಝಳಾ" ಅಂದರು. ಘಾಟಿಯಲ್ಲಿ ಬಿಸಿಲೇ ಇರಲಿಲ್ಲ.

ಅಲ್ಲಿಂದ ಮುಂದೆ ಕೆಳಗಿಳಿಯುವ ತನಕ ನಾನು ಬಾಯಿಂದ ಹೇಳುತ್ತ ಹೋದೆ. ಎಡಕ್ಕೆ ತಿರುವು ಐತಿ, ಎದುರಿಗೆ ಲಾರಿ ಬಂತು, ದನಾ ಐತಿ. ಅವರು ಬೇಡ ಅನ್ನಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮೊದಲಾಗಿದ್ದರೆ ಡ್ರೈವರ್‌ಗೆ ದಾರಿ ಹೇಳಬ್ಯಾಡ ಎಂದು ಸಿಟ್ಟಾಗುತ್ತಿದ್ದರು. ಮಾಲವಣದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, "ಎಷ್ಟ ದೊಡ್ಡದೈತಿ" ಎಂದರು. ಒಂದೇ ದಿನ ಇದ್ದು, ನಿಪ್ಪಾಣಿಯ ರಸ್ತೆ ಹಿಡಿದು ಬಹಳ ನಿಧಾನವಾಗಿ ಊರಿಗೆ ಬಂದೆವು.

ಗೋಕಾಕದ ಕಣ್ಣಿನ ಡಾಕ್ಟರು ದೀಪ ಹಾಕಿ ಬಹಳ ಹೊತ್ತು ನೋಡಿದರು. ಸಕ್ಕರಿ ಕಾಯಿಲೆಯಿಂದ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರಿದೆ, ಬೆಳಗಾವಿಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಳ್ಳಬೇಕು, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ನೋಡಬೇಕು ಎಂದರು. ಗಾಡಿ ಓಡಿಸುತ್ತೀರಾ ಎಂದು ಕೇಳಿದರು. ಇವರು ಹೌದೆಂದು ತಲೆ ಆಡಿಸಿದರು. "ಇವತ್ತಿಂದ ಮುಟ್ಟಬ್ಯಾಡ್ರಿ" ಎಂದರು ಡಾಕ್ಟರು.

ಹೊರಗೆ ಬಂದು ಬಸ್ಸಿಗಾಗಿ ಕಾಯುತ್ತ ನಿಂತಾಗ ಅವರು ನನಗೆ ಹೇಳಿದರು: "ಸಮುದ್ರ ನನಗ ಬರೇ ಬೆಳ್ಳಗ ಕಂಡಿತ್ತ. ನೀ ನೋಡಿದ್ಯಲ್ಲ, ಹೆಂಗಿತ್ತ?"

ನಾನು ಹೇಳಿದೆ. ಬಸ್ಸು ಬರುವ ತನಕ ಹೇಳುತ್ತಲೇ ಇದ್ದೆ.

ಬೆಳಗಾವಿಯ ಇಂಜೆಕ್ಷನ್ನುಗಳು ಶುರುವಾದವು. ಕಣ್ಣಿಗೇ ಸೂಜಿ ಚುಚ್ಚುತ್ತಾರೆ. ಹೋಗುವಾಗ ಬರುವಾಗ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಅವರಿಗೆ ಬೇಕು. ಅಲ್ಲಿ ಕೂತು ಎಂಜಿನ್ನಿನ ಸಪ್ಪಳ ಕೇಳುತ್ತಿದ್ದರು. ಈಗ ಏರು ಬಂತು, ಈಗ ಸೇತುವೆ, ಈ ಡ್ರೈವರ್‌ಗೆ ಅವಸರ ಜಾಸ್ತಿ, ಹೀಗೆ ತಮಗೆ ತಾವೇ ಅಂದುಕೊಳ್ಳುವರು. ಒಂದು ಕಣ್ಣು ಪೂರಾ ಹೋಯಿತು. ಇನ್ನೊಂದರಲ್ಲಿ ಬೆಳಕು ನೆರಳು ಮಾತ್ರ ಉಳಿಯಿತು.

ಅವರು ಸೋಲಲಿಲ್ಲ. ನನಗೇ ಗಾಡಿ ಕಲಿಸುತ್ತೇನೆ ಎಂದು ಹಟ ಹಿಡಿದರು. ಡಿಪೋದಲ್ಲಿ ಅವರ ಜೊತೆ ದುಡಿದ, ಇನ್ನೂ ನೌಕರಿಯಲ್ಲಿದ್ದ ಗೆಳೆಯರೊಬ್ಬರು ರಜೆಯ ದಿನ ಬಂದು ನನ್ನನ್ನು ಊರ ಹೊರಗಿನ ಬಯಲಿನಲ್ಲಿ ಸ್ಟೇರಿಂಗಿಗೆ ಕೂರಿಸಿದರು. ಕ್ಲಚ್ಚು ಒತ್ತಿದರೆ ನನ್ನ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಗೇರು ಬೀಳುತ್ತಿರಲಿಲ್ಲ, ಬಿದ್ದರೆ ಗಾಡಿ ಕುಪ್ಪಳಿಸಿ ಬಂದ್ ಆಗುತ್ತಿತ್ತು. ಹಿಂದೆ ಕಾಟಿನ ಮೇಲೆ ಕೂತಿದ್ದ ನಮ್ಮ ಮನೆಯವರು ಪ್ರತಿ ಸಲ ಗೇರು ಕಿರುಗುಟ್ಟಿದಾಗ ತಮಗೇ ನೋವಾದಂತೆ ಮುಖ ಮಾಡುತ್ತಿದ್ದರು. ಕಡೆಗೆ ಆ ಗೆಳೆಯರು ಹೇಳಿದರು, "ಅಣ್ಣಾ, ವೈನಿಯವರಿಗೆ ಈ ವಯಸ್ಸಿನಾಗ ತ್ರಾಸ ಕೊಡಬ್ಯಾಡ್ರಿ."

ಅಷ್ಟರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿತು. ನೋಂದಣಿ ಮತ್ತೆ ಮಾಡಿಸಬೇಕು. ಅದೇ ಗೆಳೆಯರು ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದರು, ನಾವಿಬ್ಬರೂ ಹೋಗಿದ್ದೆವು. ಅಧಿಕಾರಿ ಒಳ್ಳೆಯ ಮನುಷ್ಯ. ಒಳಗೆ ಹತ್ತಿ ನೋಡಿ, ಬಡಗಿ ಯಾರು ಎಂದೂ ಕೇಳಿದ. ಆದರೆ ಹೊಗೆ ಮಿತಿ ಮೀರಿದೆ, ಒಳಗಿನ ಬದಲಾವಣೆಗೆ ಮೊದಲೇ ಒಪ್ಪಿಗೆ ಪಡೆಯಬೇಕಿತ್ತು, ಈ ಸ್ಥಿತಿಯಲ್ಲಿ ಮಾಡಿಕೊಡಲು ಬರುವುದಿಲ್ಲ ಎಂದ. "ಎಂಜಿನ್ ಪೂರಾ ಬಿಚ್ಚಿ ಕಟ್ಟಿಸಿದ್ರೂ ಎಷ್ಟ ದಿನಾ ಬಂದೀತ್ರಿ? ಮುಂದ ಎಲ್ಲಾ ಕರೆಂಟಿನ ಗಾಡಿ ಬರಾಕತ್ತಾವು."

ಅವನು ಸುಮ್ಮನೆ ಆಡಿದ ಮಾತು ಅದು. ಇವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮನೆಗೆ ಬಂದ ದಿನದಿಂದ ಅದೇ ಮಾತು. ಮೊಬೈಲಿನಲ್ಲಿ ಕರೆಂಟಿನ ಗಾಡಿಗಳ ಬಗ್ಗೆ ಯಾರು ಏನು ಮಾತಾಡಿದ್ದರೂ ನಾನು ಹಚ್ಚಿಕೊಡಬೇಕು, ಅವರು ಕಿವಿಗೆ ಹಿಡಿದು ಕೇಳಬೇಕು. ಊರಲ್ಲಿ ಕರೆಂಟಿನ ಸ್ಕೂಟರುಗಳು ಬಂದಿದ್ದವು, ಮೂರು ಗಾಲಿಯ ಗಾಡಿಗಳೂ ಬಂದಿದ್ದವು. ಅವುಗಳ ಮಾಲೀಕರನ್ನು ನಿಲ್ಲಿಸಿ ಕೇಳುವರು. ಏರು ಹತ್ತತೈತೇನ್ರಿ, ಮಳಿಯಾಗ ಏನಾಗತೈತಿ, ಬ್ಯಾಟರಿ ಎಷ್ಟ ವರ್ಷ ಬರತೈತಿ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ಮುಖ ಮಾಡಿದರು.

"ಅದಕ್ಕ ಗೇರ ಇಲ್ಲ. ಕ್ಲಚ್ಚೂ ಇಲ್ಲ. ನಮ್ಮ ಗಾಡ್ಯಾಗಿನ ಎಂಜಿನ್ ತಗದ ಮೋಟಾರ ಕುಂಡ್ರಿಸಿದ್ರ ನೀನ ಹೊಡೀತಿ. ಹೊಗಿ ಇಲ್ಲ ಅಂದ್ರ ಕಾಗದದ ತಕರಾರೂ ಇರಂಗಿಲ್ಲ."

ನನಗೂ ಆಸೆಯಾಯಿತು. ಅವರಿಗೆ ಬಂದಿರುವ ಆಸೆಯೇ ಒಂದು ಔಷಧದ ಹಾಗೆ ಕಂಡಿತು, ಮತ್ತು ಅದನ್ನು ಬಿಡಿಸಲು ನನಗೆ ಮನಸ್ಸಾಗಲಿಲ್ಲ.

ಹತ್ತರಗಿಯ ಹತ್ತಿರ, ಹೈವೇ ಬದಿಗೆ, ಹಳೆಯ ಗಾಡಿಗಳಿಗೆ ಬ್ಯಾಟರಿ ಮೋಟಾರು ಕೂರಿಸುವ ಒಂದು ಶೆಡ್ಡು ಇದೆಯೆಂದು ಮಗಳು ಹುಕ್ಕೇರಿಯಿಂದ ತಿಳಿಸಿದಳು. ಕಾಗದ ಮುಗಿದಿದ್ದ ಗಾಡಿಯನ್ನು ಆ ಒಂದು ದಿನದ ಮಟ್ಟಿಗೆ ಡಿಪೋದ ಆ ಗೆಳೆಯರೇ ಅಳುಕುತ್ತ ಓಡಿಸಿಕೊಂಡು ಬಂದರು. ಹುಕ್ಕೇರಿಯಲ್ಲಿ ಮಗಳೂ ಹತ್ತಿಕೊಂಡಳು. ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಯಾತ್ರೆಗೆ ಹೊರಟವರ ಹಾಗೆ ನಾವು ಅದರೊಳಗೆ ಕೂತು ಮಾದಲಿ ತಿಂದೆವು.

ಶೆಡ್ಡು ನಡೆಸುತ್ತಿದ್ದವರು ಮೂವತ್ತು ದಾಟಿದ ಒಬ್ಬ ಎಂಜಿನಿಯರ್. ಶಾಂತ ಸ್ವಭಾವ. ಗಾಡಿಯ ಕೆಳಗೆ ಮಲಗಿ ನೋಡಿದರು, ಒಳಗೆ ಹತ್ತಿ ನೋಡಿದರು, ಕಾಟಿನ ಕೆಳಗೆ ಬಡಿದು ನೋಡಿದರು. ಆಮೇಲೆ ನಮ್ಮ ಮನೆಯವರ ಪಕ್ಕ ಬಂದು ಕೂತರು.

"ಕಾಕಾ, ಗಾಡಿ ಹೊರೂ ಭಾರಕ್ಕ ಒಂದ ಮಿತಿ ಐತ್ರಿ. ಬ್ಯಾಟರಿ ಹಾಕಿದ್ರ ಅದ ಅರ್ಧಾ ಭಾರ ತಿಂತೈತಿ. ನಿಮ್ಮ ಕಾಟ, ಕಪಾಟ, ನೀರಿನ ಟಾಕಿ, ಕಟ್ಟಿ ಎಲ್ಲಾ ತಗೀಬೇಕಾಗತೈತಿ."

"ಎಲ್ಲಾ ತಗದ್ರ ಉಳಿಯೂದ ಏನ್ರಿ?"

"ಗಾಡಿ ಉಳೀತೈತ್ರಿ."

ಮಗಳು ಕೇಳಿದಳು, ಹೊಸದೇ ತಯಾರಾಗಿ ಬರುವಂಥದ್ದು ಏನಾದರೂ ಇದೆಯೇ ಎಂದು.

"ಪರದೇಶದಾಗ ಅದಾವಂತ್ರಿ ಅಕ್ಕಾರ. ಅಲ್ಲೂ ಮಂದಿ ತಗೊಳ್ಳಾಕ ಹಿಂದ ಮುಂದ ನೋಡಾಕತ್ತಾರಂತ. ಡೀಜಲ್ಲಿಂದು ತಗೊಂಡ್ರ ನಾಳೆ ದೊಡ್ಡ ಊರಾಗ ಬಿಡತಾರೋ ಇಲ್ಲೋ. ಕರೆಂಟಿಂದು ತಗೊಂಡ್ರ ಅರ್ಧಾ ದಾರ್ಯಾಗ ನಿಂತೀತೋ ಏನೋ. ನಮ್ಮ ಕಡೆ ಅಂತೂ ಅಂಥಾದ್ದು ಬರಾಕ ಇನ್ನೂ ಟೈಮ್ ಐತಿ. ಬಂದ್ರೂ ನಮ್ಮಂಥವ್ರ ಕೈಗೆ ಎಟಕೂದಿಲ್ಲ. ಕಾಕಾ, ಇನ್ನ ನಾಕೈದ ವರ್ಷ ತಡೀರಿ. ಬ್ಯಾಟರಿ ಹಗುರ ಆಗ್ತಾವು."

"ನಾಕೈದ ವರ್ಷ ನಾ ತಡೀಬೇಕಲ್ರಿ" ಎಂದರು ಇವರು.

ಎಂಜಿನಿಯರಿಗೆ ಏನನ್ನಿಸಿತೋ, ಎದ್ದು ನಿಂತು, "ಬರ್ರಿ, ನಮ್ಮ ಗಾಡ್ಯಾಗ ಒಂದ ಸುತ್ತ ಹೋಗಿ ಬರೂಣು, ಹೆಂಗಿರತೈತಿ ನೋಡ್ರಿ" ಎಂದು ತಮ್ಮ ಕರೆಂಟಿನ ಕಾರಿನ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿದರು. ನಾನು ಹಿಂದೆ ಕೂತೆ. ಕಾರು ಸರ್ವಿಸ್ ರಸ್ತೆಗೆ ಇಳಿದು ವೇಗ ಹಿಡಿಯಿತು. ಕಿಟಕಿಗಳು ಮುಚ್ಚಿದ್ದವು, ಒಳಗೆ ತಂಪು. ಹೊರಗೆ ಕಬ್ಬಿನ ಹೊಲಗಳು ಹಿಂದೆ ಹೋಗುತ್ತಿದ್ದವು. ನಮ್ಮ ಮನೆಯವರು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕತ್ತು ತಿರುಗಿಸಿ ನನ್ನನ್ನು ಕೇಳಿದರು:

"ಹೊಂಟೇತೇನ?"

"ಹೊಂಟೇತಿ. ಬಾಳ ಮುಂದ ಬಂದೇವಿ."

ಅವರು ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು. ಆಮೇಲೆ ಬಾಗಿಲಿಗೆ ಇಟ್ಟರು. ಆಮೇಲೆ ಕಾಲ ಕೆಳಗೆ ಬಗ್ಗಿ ಮುಟ್ಟಿ ನೋಡಿದರು. ಎಲ್ಲಿಯೂ ಅವರಿಗೆ ಬೇಕಾದ ನಡುಕ ಸಿಕ್ಕಂತೆ ಕಾಣಲಿಲ್ಲ. ಅವರ ಮುಖದಲ್ಲಿ ನಾನು ಆ ತನಕ ನೋಡದ ಒಂದು ಗಾಬರಿ ಇತ್ತು. ಕಣ್ಣು ಹೋದ ಮೇಲೂ ಅವರಿಗೆ ರಸ್ತೆ ಎಂಜಿನ್ನಿನ ಸಪ್ಪಳದಲ್ಲಿ ಕಾಣುತ್ತಿತ್ತು, ಈಗ ಅದೂ ಇಲ್ಲ ಎಂದು ನನಗೆ ಆಗ ತಿಳಿಯಿತು.

"ನಿಲ್ಲಸ್ರಿ" ಎಂದರು. "ಚೊಲೋ ಐತಿ. ಸಾಕ್ರಿ."

ಮೂಡಲಗಿಗೆ ವಾಪಸು ಬಂದೆವು. ಗೆಳೆಯರು ಅಂಗಳದಲ್ಲಿ, ಬೇವಿನ ಮರದ ಕೆಳಗೆ ಅದನ್ನು ನಿಲ್ಲಿಸಿ ಚಾವಿಯನ್ನು ಅವರ ಕೈಗೆ ಕೊಟ್ಟರು.

ಮರುದಿನ ಅವರು ತಮ್ಮ ಹಾಸಿಗೆಯನ್ನು ಗಾಡಿಗೆ ಹಾಕಿಸಿಕೊಂಡರು. ನಾನು ಮೊದಲು ಇದು ಸಿಟ್ಟಿನ ಕೆಲಸ ಅಂದುಕೊಂಡೆ. ಅಲ್ಲ. ಮನೆಯೊಳಗೆ ಅವರು ಬಾಗಿಲಿಗೆ ತಾಗುತ್ತಿದ್ದರು, ಕೊಡ ಉರುಳಿಸುತ್ತಿದ್ದರು, ಬಚ್ಚಲಿಗೆ ಹೋಗಲು ನನ್ನ ಕೈ ಬೇಕಿತ್ತು. ಗಾಡಿಯೊಳಗೆ ಏನೂ ಬೇಕಿರಲಿಲ್ಲ. ಕೂತಲ್ಲಿಂದ ಕೈ ಚಾಚಿದರೆ ಚರಿಗೆ, ಒಂದು ಹೆಜ್ಜೆಗೆ ಒಲೆ, ತಲೆಯ ಮೇಲೆ ಅಂಗಿ ಧೋತರ, ಕಿಟಕಿಯ ಕೆಳಗೆ ರೇಡಿಯೋ. ತಾವೇ ಅಳತೆ ಕೊಟ್ಟು ಮಾಡಿಸಿದ್ದು, ಎಲ್ಲ ಬೆರಳಿಗೆ ಗೊತ್ತಿತ್ತು. ಒಂದು ವಾರದೊಳಗೆ ತಮ್ಮ ಚಹಾ ತಾವೇ ಮಾಡಿಕೊಳ್ಳತೊಡಗಿದರು. ನನಗೂ ಒಂದು ಕಪ್ಪು ಮಾಡಿ ಕಿಟಕಿಯಿಂದ ಕರೆಯುವರು, "ಅಕ್ಕೋರ, ಚಹಾ ಕುಡ್ಯಾಕ ಬರ್ರಿ" ಎಂದು ಸಾಲಿ ಹುಡುಗರ ದನಿಯಲ್ಲಿ. ಸ್ವಲ್ಪ ದಿನಕ್ಕೆ ನಾನೂ ನನ್ನ ಹಾಸಿಗೆ ಅಲ್ಲಿಗೇ ತಂದೆ. ಮನೆ ಖಾಲಿ ಬಿತ್ತು. ಅಡುಗೆಗೆ, ಪೂಜೆಗೆ ಮಾತ್ರ ಒಳಗೆ ಹೋಗುತ್ತಿದ್ದೆ. ಎಲ್ಲಿಗೂ ಹೋಗದ ಗಾಡಿಯಲ್ಲಿ ನಾವು ಒಂದು ಬೇಸಿಗೆ, ಒಂದು ಮಳೆಗಾಲ ಇದ್ದೆವು. ಮಳೆಯ ಸಪ್ಪಳ ತಗಡಿನ ಮೇಲೆ ಬಹಳ ಜೋರಾಗಿ ಬರುತ್ತಿತ್ತು. ಅವರು ಅದನ್ನು ಕೇಳುತ್ತ ಸಂತೋಷವಾಗಿ ಮಲಗಿರುತ್ತಿದ್ದರು.

ಬೆಳಿಗ್ಗೆ ಒಮ್ಮೆ ಎಂಜಿನ್ ಚಾಲೂ ಮಾಡುವುದು ಅವರ ರೂಢಿಯಾಗಿತ್ತು. ಡ್ರೈವರ್ ಸೀಟಿನಲ್ಲಿ ಕೂತು, ಚಾವಿ ತಿರುವಿ, ಬ್ಯಾಟರಿ ಸಾಯಬಾರದು ಎಂದು ನೆಪ ಹೇಳಿ ಸ್ವಲ್ಪ ಹೊತ್ತು ಅದರ ಸಪ್ಪಳ ಕೇಳುತ್ತಿದ್ದರು. ಹಿಂದಿನ ಮನೆಯ ಸೊಸೆ ಒಂದು ದಿನ ಬಂದು ಬಾಗಿಲಲ್ಲಿ ನಿಂತಳು. ಅವಳ ಸಣ್ಣ ಮಗಳಿಗೆ ಉಸಿರಾಟದ ತೊಂದರೆ. ಹೊಗೆ ನೇರ ಅವರ ಅಡುಗೆಮನೆಗೆ ಹೋಗುತ್ತಿತ್ತಂತೆ. "ಅಜ್ಜಾರ, ಸಿಟ್ಟಾಗಬ್ಯಾಡ್ರಿ" ಎಂದಳು. ಅವರು ಸಿಟ್ಟಾಗಲಿಲ್ಲ. "ನನಗ ಗೊತ್ತಾಗಲಿಲ್ಲವಾ" ಎಂದರು. ಆವತ್ತಿನಿಂದ ಚಾಲೂ ಮಾಡಲಿಲ್ಲ. ಎರಡು ತಿಂಗಳಿಗೆ ಗಾಡಿಯ ಬ್ಯಾಟರಿ ಸತ್ತಿತು.

ದಸರೆಯ ಹೊತ್ತಿಗೆ ಮನೆಯ ಮಾಲೀಕರ ಮಕ್ಕಳು ಬಂದರು. ಮಾಲೀಕರು ತೀರಿಕೊಂಡು ವರ್ಷವಾಗಿತ್ತು. ಜಾಗ ಮಾರಿದ್ದೇವೆ, ಕೊಂಡವರು ಅಂಗಡಿ ಸಾಲು ಕಟ್ಟುತ್ತಾರೆ, ಯುಗಾದಿಯೊಳಗೆ ಬಿಟ್ಟುಕೊಡಬೇಕು ಎಂದರು. ನಾವು ಅಲ್ಲಿ ಇದ್ದ ವರ್ಷಗಳನ್ನು ನೆನೆದು ಅವರಿಗೂ ಕಷ್ಟವಾಗಿತ್ತು, ಮಾತಾಡುವಾಗ ನೆಲ ನೋಡುತ್ತಿದ್ದರು.

ನಮಗೆ ಬೇರೆ ಬಾಡಿಗೆ ಮನೆ ಸಿಗುವುದು ದೊಡ್ಡ ಮಾತಲ್ಲ. ಗಾಡಿಗೆ ಜಾಗ ಸಿಗಬೇಕಲ್ಲ. ನಾಗನೂರದಲ್ಲಿ ನನ್ನ ತಮ್ಮನ ಹೊಲವಿದೆ. ಅವನು ಬಂದು, "ಮಾವಾರ, ನಮ್ಮ ಹೊಲದಾಗ ನಿಲ್ಲಸ್ರಿ, ಯಾರ ಕೇಳ್ತಾರ" ಎಂದ. ಅಲ್ಲಿ ಎರೆ ಮಣ್ಣು. ಮಳೆಯಾದರೆ ಗಾಡಿಯಿಂದ ಇಳಿದು ಕಾಲಿಡಲಾಗುವುದಿಲ್ಲ, ದವಾಖಾನೆ ದೂರ, ಅವರಿಗೆ ದಿನವೂ ಇನ್ಸುಲಿನ್. ಗಾಡಿ ನಿಲ್ಲಬಹುದು, ನಾವು ಇರಲಿಕ್ಕಾಗುವುದಿಲ್ಲ. ನಮ್ಮ ಮನೆಯವರು ಇದನ್ನೆಲ್ಲ ಕೇಳಿ, "ಇಲಿ ಹೆಗ್ಗಣದ ಪಾಲ ಮಾಡೂದು ಬ್ಯಾಡ. ಗುಜರಿಗೆ ಹಾಕ್ರಿ" ಎಂದು ತಾವೇ ಹೇಳಿದರು.

ಗೋಕಾಕದ ಗುಜರಿಯವರು ಕ್ರೇನು ಕಳಿಸಿದರು. ಹಿಂದಿನ ದಿನ ನಾನು ಕಪಾಟುಗಳನ್ನು ಖಾಲಿ ಮಾಡಿದ್ದೆ. ಬಡಗಿಯವರು ಬಂದು ಕಾಟು ಕಪಾಟು ಬಿಚ್ಚಿಕೊಡುತ್ತೇನೆ ಎಂದಿದ್ದರು, ನಮ್ಮ ಮನೆಯವರು ಬೇಡ ಎಂದರು. ಹೊಸ ಬಾಡಿಗೆ ಮನೆಯಲ್ಲಿ ಅವು ಹಿಡಿಯುವುದಿಲ್ಲ. ಕ್ರೇನಿನವ ಗಾಡಿಯ ಮುಂಭಾಗ ಎತ್ತಿ ಸರಪಳಿ ಬಿಗಿದ. ನಮ್ಮ ಮನೆಯವರು ಗಾಡಿಯೊಳಗೆ ಕೂರುತ್ತೇನೆ ಎಂದರು.

"ಹಂಗ ಕುಂಡ್ರಸಾಕ ಬರೂದಿಲ್ರಿ ಅಜ್ಜಾರ. ಏನರ ಆದ್ರ ನನ್ನ ಮ್ಯಾಲ ಬರತೈತಿ."

ನಾವು ಆಟೋದಲ್ಲಿ ಹಿಂದೆ ಹೋದೆವು. ಯಾಕೆ ಹೋಗಬೇಕು ಎಂದು ಮಗಳು ಕೇಳಿದ್ದಳು. ಅವರು ಹಟ ಬಿಡಲಿಲ್ಲ. ಆಟೋದವ ಕ್ರೇನಿನ ಹಿಂದೆಯೇ ನಿಧಾನವಾಗಿ ಓಡಿಸುತ್ತಿದ್ದ. ಗಾಡಿಯ ಬೆನ್ನು ನಮ್ಮ ಎದುರಿಗೇ ಇತ್ತು. ನೀಲಿ ಬಣ್ಣದ ಕೆಳಗಿನಿಂದ ಹಳದಿ ಇಣುಕುತ್ತಿತ್ತು.

"ಹೆಂಗ ಹೊಂಟೇತಿ?" ಎಂದು ಕೇಳಿದರು.

"ಚೊಲೋ ಹೊಂಟೇತ್ರಿ."

"ಹಿಂದಿನ ಗಾಲಿ ಓಲಾಡತಾವೇನ?"

"ಇಲ್ಲ."

ಓಲಾಡುತ್ತಿದ್ದವು. ಬದಿಯ ಕಿಟಕಿಗೆ ನಾನು ಹೊಲಿದು ಹಾಕಿದ್ದ ಪರದೆಯೊಂದು ಉಳಿದುಹೋಗಿ ಹೊರಗೆ ಹಾರುತ್ತಿತ್ತು. ಗುಜರಿಯ ಅಂಗಳದಲ್ಲಿ ಕ್ರೇನು ಅದನ್ನು ಇಳಿಸಿದಾಗ ಅವರು ಕೆಳಗಿಳಿದು, ನನ್ನ ಕೈ ಹಿಡಿದು ಹತ್ತಿರ ಹೋಗಿ, ಬಾನೆಟ್ಟಿನ ಮೇಲೆ ಕೈ ಇಟ್ಟರು. ಅಲ್ಲೇ ಪಕ್ಕದಲ್ಲಿ ಇನ್ನೊಂದು ಗಾಡಿಯನ್ನು ಗ್ಯಾಸಿನಿಂದ ಕೊಯ್ಯುತ್ತಿದ್ದರು, ಸುಟ್ಟ ಬಣ್ಣದ ವಾಸನೆ. "ನಮ್ಮದು ಯಾವಾಗ ಕೊಯ್ತೀರಿ?" ಎಂದು ಕೇಳಿದರು. ಎರಡು ದಿನ ಆಗತೈತಿ ಎಂದ ಗುಜರಿಯವ. "ಹೂಂ" ಎಂದರು. ಬಂದು ಆಟೋದಲ್ಲಿ ಕೂತರು.

ಹೊಸ ಮನೆ ಗೋಕಾಕದಲ್ಲಿ, ದವಾಖಾನೆಗೆ ಹತ್ತಿರವಾಗಲಿ ಎಂದು ಹಿಡಿದದ್ದು. ಮೊದಲ ಮಾಳಿಗೆ. ಪ್ರತಿ ಕೋಣೆಗೂ ಎತ್ತರದ ಹೊಸ್ತಿಲು. ಅವರಿಗೆ ಆ ಮನೆ ಕೊನೆಯ ತನಕ ಗೊತ್ತಾಗಲಿಲ್ಲ. ನಾನು ಗೋಡೆಗುಂಟ ಹಗ್ಗ ಕಟ್ಟಿಕೊಟ್ಟೆ, ಹೊಸ್ತಿಲು ಬಂದಲ್ಲಿ ಗಂಟು ಹಾಕಿದೆ. ಅವರು ಎರಡು ದಿನ ಹಿಡಿದು ನಡೆದರು, ಆಮೇಲೆ ಬಿಟ್ಟರು. ಎಲ್ಲಿಗೆ ಹೋಗೂದೈತಿ ಎಂದು ಕಾಟಿನ ಮೇಲೆ ಕೂತುಬಿಡುತ್ತಿದ್ದರು. ಒಂದು ಮುಂಜಾನೆ ನಾನು ಹಾಲು ತರಲು ಕೆಳಗೆ ಇಳಿದಾಗ ಬಚ್ಚಲಿಗೆ ಹೊರಟು ಹೊಸ್ತಿಲಿಗೆ ಎಡವಿದರು. ಬೀಳಲಿಲ್ಲ. ಬಲಗಾಲಿನ ಹೆಬ್ಬೆರಳಿನ ಉಗುರು ಒಡೆದಿತ್ತು, ಅಷ್ಟೇ. ಸಕ್ಕರಿ ಕಾಯಿಲೆಗೆ ಕಾಲು ಮರಗಟ್ಟಿ ಅವರಿಗೆ ನೋವೂ ಗೊತ್ತಾಗಿರಲಿಲ್ಲ. ನೆಲದ ಮೇಲಿನ ರಕ್ತ ನೋಡಿ ನಾನು ಕೇಳಿದ ಮೇಲೆಯೇ ಕಾಲು ಮುಟ್ಟಿ ನೋಡಿಕೊಂಡರು.

ಆ ಗಾಯ ಮಾಯಲಿಲ್ಲ. ಬೆರಳು ಕರ್ರಗಾಯಿತು, ಡಾಕ್ಟರು ಅದನ್ನು ತೆಗೆದರು. ಆಮೇಲೆ ಪಾದ. ಆಮೇಲೆ ಬೆಳಗಾವಿಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಮಗಳು ಹುಕ್ಕೇರಿಯ ಸಂಸಾರ ಬಿಟ್ಟು ಬಂದು ನನ್ನ ಜೊತೆ ವಾರ್ಡಿನಲ್ಲಿ ಇದ್ದಳು. ಒಂದು ಮಧ್ಯಾಹ್ನ ಅವಳು ಔಷಧ ತರಲು ಹೋದಾಗ ಅವರು ನನ್ನನ್ನು ಕೇಳಿದರು.

"ಪ್ಲಾಟ ತಗೋಬೇಕಿತ್ತೇನ?"

ಆ ಪ್ರಶ್ನೆಯನ್ನು ನಾನು ಎಷ್ಟು ಸಲ ನನಗೇ ಕೇಳಿಕೊಂಡಿದ್ದೆ. ಸ್ವಂತದ ಮನೆ ಇದ್ದಿದ್ದರೆ ಯಾರೂ ಬಿಡಿಸುತ್ತಿರಲಿಲ್ಲ. ಬಿಡಿಸದಿದ್ದರೆ ಆ ಹೊಸ್ತಿಲೂ ಇರುತ್ತಿರಲಿಲ್ಲ.

"ಪ್ಲಾಟ ತಗೊಂಡಿದ್ರ ನೀವ ಅದರಾಗ ಕುಂಡ್ರತಿದ್ರೇನು?" ಎಂದೆ.

"ಇಲ್ಲ" ಎಂದರು.

ಎಂಟು ದಿನಕ್ಕೆ ಜ್ವರ ಏರಿ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಒಂದು ಕಾಲಿಲ್ಲದ ಮೈಯನ್ನು ನೆಟ್ಟಗೆ ಕೂರಿಸುವುದು ಕಷ್ಟವಾಯಿತು, ಮತ್ತೆ ಮತ್ತೆ ಬಲಕ್ಕೆ ವಾಲುತ್ತಿತ್ತು. ನನ್ನ ತಮ್ಮ ತನ್ನ ಟಾವೆಲ್ಲನ್ನು ಸುತ್ತಿ ಆ ಬದಿಗೆ ಇಟ್ಟ. ಮಠದ ಅಯ್ಯನವರು ಹಣೆಗೆ ವಿಭೂತಿ ಹಚ್ಚಿದರು. ಡಿಪೋದಿಂದ ಕೆಲವರು ಖಾಕಿಯಲ್ಲೇ ಬಂದಿದ್ದರು, ಡ್ಯೂಟಿಗೆ ಹೊತ್ತಾಗುತ್ತದೆಂದು ಬೇಗ ಹೋದರು.

ಮಣ್ಣು ಮಾಡಿ ಬಂದ ಮೇಲೆ ಕೆಳಗಿನ ಮನೆಯ ಹೆಂಗಸು ನಮಗೆಲ್ಲ ಚಹಾ ತಂದಳು. ನಾವು ಆ ಮನೆಗೆ ಬಂದು ವರ್ಷವೂ ಆಗಿರಲಿಲ್ಲ. ಅವಳು ಅವರನ್ನು ಕಂಡದ್ದು ಕಾಟಿನ ಮೇಲೆ, ಇಲ್ಲವೇ ದವಾಖಾನೆಗೆ ಹೋಗುವಾಗ ಇಬ್ಬರು ಹಿಡಿದು ಮೆಟ್ಟಿಲು ಇಳಿಸುವಾಗ.

"ಅಜ್ಜಾರ ಮೊದಲ ಏನ ಕೆಲಸ ಮಾಡತಿದ್ರರಿ?" ಎಂದು ಕೇಳಿದಳು.

"ಡ್ರೈವರ್ ಇದ್ರು" ಎಂದೆ.

ಅವಳು ಹೌದಾ ಎಂದು ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಳು. ಮಗಳು ಹುಕ್ಕೇರಿಗೆ ಬಂದು ಇರು ಎಂದು ಈಗಲೂ ಫೋನು ಮಾಡುತ್ತಾಳೆ. ಈ ಮನೆಯಲ್ಲಿ ನನಗೆ ಮಾಡುವಂಥ ಕೆಲಸ ಏನೂ ಇಲ್ಲ. ಗೋಡೆಯ ಹಗ್ಗವನ್ನು ಬಿಚ್ಚಬೇಕು, ಇನ್ನೂ ಬಿಚ್ಚಿಲ್ಲ.